ಅಂಗೈಯ ರಣರಂಗ ಮತ್ತು ಮಕ್ಕಳ ಕೋಪ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಭಕ್ತರ ಮನೆಗಳಲ್ಲಿ ಪೂಜೆ, ಪ್ರಸಾದಗಳು ಮುಗಿದ ಬಳಿಕ ತಾಯಂದಿರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿದೆ: "ಶಾಸ್ತ್ರಿಗಳೇ, ಮಗ ಮೊಬೈಲಿನಲ್ಲಿ ಸದಾ ಗುಂಡು ಹಾರಿಸುವ ಆಟ ಆಡುತ್ತಾನೆ. ಊಟಕ್ಕೆ ಕರೆದರೆ ಸಿಡುಕುತ್ತಾನೆ. ಮುಂದೆ ಇವನು ಕ್ರೂರಿಯಾಗಿಬಿಟ್ಟರೇನು ಗತಿ?"

ಈ ಭಯ ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ತಂದೆಯೊಬ್ಬರು ಮಗನಿಂದಲೇ ಹತರಾದರೆಂಬ ಸುದ್ದಿ ನಾಡನ್ನು ನಡುಗಿಸಿತು. ಪಬ್‌ಜಿ ಆಟಕ್ಕೆ ತಂದೆ ಆಕ್ಷೇಪಿಸಿದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ನೂರು ಮಂದಿ ಒಂದು ದ್ವೀಪಕ್ಕಿಳಿದು, ಪರಸ್ಪರ ಕೊಂದು, ಕೊನೆಗುಳಿದವನೇ ಗೆದ್ದನೆನಿಸುವ ಆಟವದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇದೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು; ಆದರೆ ಅದಕ್ಕೆ ಕೊಟ್ಟ ಕಾರಣ ದೇಶದ ಭದ್ರತೆಯೇ ಹೊರತು ಹಿಂಸೆಯಲ್ಲ. 2021ರಲ್ಲಿ ಅದೇ ಆಟ ಬೇರೆ ಹೆಸರಿನಿಂದ ಮರಳಿತು. ಆಗ ರಕ್ತದ ಬಣ್ಣವನ್ನು ಹಸಿರು ಮಾಡಿದರಂತೆ! ಬಣ್ಣ ಬದಲಾದರೆ ಕೊಲೆಯ ಭಾವ ಬದಲಾಗುವುದೆಂದು ನಂಬಿದವರ ಮುಗ್ಧತೆಗೆ ನಗಬೇಕೋ ಅಳಬೇಕೋ ತಿಳಿಯದು.

ಹಾಗಾದರೆ ಆಟವೇ ಕೊಲೆಗಾರನನ್ನು ರೂಪಿಸುವುದೇ? ವಿದ್ವಾಂಸರು ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. 2019ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಬ್ರಿಟನ್ನಿನ 14-15 ವಯಸ್ಸಿನ ಸಾವಿರದಷ್ಟು ಮಕ್ಕಳನ್ನೂ ಅವರ ಪಾಲಕರನ್ನೂ ವಿಚಾರಿಸಿದಾಗ ಹಿಂಸೆಯ ಆಟಕ್ಕೂ ಆಕ್ರಮಣಶೀಲ ನಡತೆಗೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘವು 2020ರಲ್ಲಿ ಸ್ವಲ್ಪ ಭಿನ್ನವಾಗಿ ನುಡಿಯಿತು: ಕೂಗಾಟ, ತಳ್ಳಾಟಗಳಂತಹ ನಡತೆಯೊಡನೆ ಇಂತಹ ಆಟಗಳಿಗೆ ಅಲ್ಪ ಸಂಬಂಧವುಂಟು, ಘೋರ ಹಿಂಸೆಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಆದುದರಿಂದ ಕಾಕತಿಯ ದುರಂತವನ್ನು ತೋರಿಸಿ ಪ್ರತಿಯೊಬ್ಬ ಬಾಲಕನನ್ನೂ ಶಂಕಿಸುವುದು ನ್ಯಾಯವಲ್ಲ.

ನಮ್ಮ ಚಿಂತೆಗೆ ನಿಜವಾಗಿ ತಕ್ಕ ವಿಷಯ ಬೇರೊಂದಿದೆ. ನಿಮ್ಹಾನ್ಸ್ ಸಂಸ್ಥೆಯು ಬಿ.ಟಿ.ಎಂ. ಬಡಾವಣೆಯ ತನ್ನ ಸ್ವಾಸ್ಥ್ಯ ಕೇಂದ್ರದಲ್ಲಿ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಮೊಬೈಲು, ಅಂತರ್ಜಾಲಗಳ ಹಿಡಿತಕ್ಕೆ ಸಿಕ್ಕವರಿಗಾಗಿ ಡಾ. ಮನೋಜ್ ಕುಮಾರ್ ಶರ್ಮಾ ಅವರ ನೇತೃತ್ವದಲ್ಲಿ ಮೊದಲಾದ ಸೇವೆಯದು. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಹೆಚ್ಚೆನಿಸುವುದು, ಕೆಡುಕಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವ್ಯಾಧಿಯೆಂದೇ ಎಣಿಸುತ್ತದೆ. 2019ರಲ್ಲಿ ಅಂಗೀಕೃತವಾದ ಈ ವರ್ಗೀಕರಣ 2022ರಿಂದ ಜಾರಿಯಲ್ಲಿದೆ.

ಕೋಪವು ಬಹಳ ವೇಳೆ ಸಿಡಿಯುವುದು ಆಟದ ನಡುವೆ ಫೋನನ್ನು ಕಸಿದುಕೊಂಡಾಗ. ಜೊತೆಗಾರರೊಡನೆ ಆಡುತ್ತಿರುವ ಬಾಲಕನಿಗೆ ಆ ಕ್ಷಣ ಸೋಲು, ಅವಮಾನ ಎರಡೂ ಆಗುತ್ತವೆ. ಕಸಿಯುವ ತಂದೆಯ ಮುಖದಲ್ಲಿಯೂ ಕೋಪವೇ ಇರುತ್ತದೆ. ಮುನಿಸನ್ನು ತೊರೆಯಬೇಕೆಂದ ಬಸವಣ್ಣನವರ ಮಾತನ್ನು ಮಕ್ಕಳಿಗಷ್ಟೇ ಬಾಯಿಪಾಠ ಮಾಡಿಸಿ ನಾವು ಹೊರಗುಳಿದರೆ ಹೇಗೆ? ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ನೋಟವನ್ನು ನಿಲ್ಲಿಸುವ ಸಾಧನೆ ನಮ್ಮ ಪರಂಪರೆಯದು. ಅದೇ ಅಂಗೈ, ಅದೇ ನೋಟ ಇಂದು ಹಿರಿಯರಲ್ಲಿಯೂ ಪರದೆಗೆ ಮೀಸಲಾಗಿವೆ.

ಕೆಲವು ಮನೆಗಳಲ್ಲಿ ಕಂಡ ಒಂದು ಕ್ರಮ ನನಗೆ ಮೆಚ್ಚಿಗೆಯಾಯಿತು. ಆಟದ ಅವಧಿಯನ್ನು ಮಗನೊಡನೆ ಕುಳಿತೇ ಮೊದಲು ಗೊತ್ತುಮಾಡುತ್ತಾರೆ. ಮುಗಿಯಲು ಹತ್ತು ನಿಮಿಷವಿದೆಯೆನ್ನುವಾಗ ಒಮ್ಮೆ ನೆನಪಿಸುತ್ತಾರೆ. ತಂದೆ ಒಂದು ದಿನ ಪಕ್ಕದಲ್ಲಿ ಕುಳಿತು ಆಟವನ್ನು ಕೇಳಿ ತಿಳಿಯುತ್ತಾರೆ. ರಾತ್ರಿ ಎಲ್ಲರ ಫೋನುಗಳೂ, ಅಜ್ಜನದೂ ಸೇರಿ, ನಡುಮನೆಯ ಮೇಜಿನ ಮೇಲೆ ಚಾರ್ಜಿಗಿರುತ್ತವೆ. ಇಷ್ಟಾದ ಮೇಲೂ ನಿದ್ರೆ, ಊಟ, ಶಾಲೆಗಳು ಕೆಡುತ್ತಲೇ ಇದ್ದರೆ ನಿಮ್ಹಾನ್ಸಿಗೆ ಹೋಗಲು ನೆರೆಹೊರೆಯ ಮಾತಿಗೆ ಅಂಜಬೇಕಾಗಿಲ್ಲ. ಮೊದಲ ಭೇಟಿಗೆ ತಾಯಿಯೊಡನೆ ತಂದೆಯೂ ಹೋಗಲಿ.