ಡೌನ್ ಸಿಂಡ್ರೋಮಿನ ಕಿಶೋರರ ವ್ಯಾಯಾಮವೂ ಹೃದಯಶಕ್ತಿಯೂ
ಡೌನ್ ಸಿಂಡ್ರೋಮ್ ಎಂಬ ಲಕ್ಷಣಕೂಟವನ್ನು ೧೮೬೬ರಲ್ಲಿ ಆಂಗ್ಲ ವೈದ್ಯನಾದ ಜಾನ್ ಲ್ಯಾಂಗ್‌ಡನ್ ಡೌನನು ವರ್ಣಿಸಿದನು. ೨೧ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿಯೇ ಇದಕ್ಕೆ ಕಾರಣವೆಂಬುದು ೧೯೫೯ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾಯಿತು. ಈ ಲಕ್ಷಣಗಳಿಂದ ಹುಟ್ಟುವ ಶಿಶುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದಲ್ಲಿ ಆಜನ್ಮದೋಷವಿರುವುದು. ಆದರೆ ಹೃದಯವು ನಿರ್ದೋಷವಾಗಿರುವ ಕಿಶೋರರೂ ಓಟದಲ್ಲಿ ಬೇಗನೆ ಬಳಲುವರು. ಇದನ್ನು ಆಲಸ್ಯವೆಂದೆಣಿಸುವುದು ಅನ್ಯಾಯ. ಶ್ರಮ ಹೆಚ್ಚಿದಂತೆ ನಾಡಿಯನ್ನು ತ್ವರೆಗೊಳಿಸುವ ನರಪ್ರೇರಣೆಯು ಅವರಲ್ಲಿ ಮಂದ. ಆದಕಾರಣ ಅವರ ನಾಡಿಯ ಪರಮಾವಧಿಯು ಸಮವಯಸ್ಕರದಕ್ಕಿಂತ ನಿಮಿಷಕ್ಕೆ ಸುಮಾರು ೩೦ ಮಿಡಿತಗಳಷ್ಟು ಕಡಮೆ. ೨೨೦ರಿಂದ ವಯಸ್ಸನ್ನು ಕಳೆಯುವ ರೂಢಿಯ ಲೆಕ್ಕವು ಇವರಿಗೆ ಸಲ್ಲದು. ಹೃದಯವನ್ನೂ ಕತ್ತಿನ ಕೀಲನ್ನೂ ವೈದ್ಯರು ಪರೀಕ್ಷಿಸಿದ ಮೇಲೆ, ಉಸಿರು ಕಟ್ಟದಂತೆ ನಡಿಗೆ, ನೃತ್ಯ, ಈಜುಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕು. ಅಳತೆಗೋಲಿನ ತಪ್ಪನ್ನು ಮಗುವಿನ ಮೇಲೆ ಹೊರಿಸಲಾಗದು.