ಕಡವಿನ ದೋಣಿಗೂ ಕಾವಲಿರಲಿ

ಕೊಟ್ಟಿಗೆಯ ದನಕ್ಕೆ ಹಗ್ಗ, ಕಣಜಕ್ಕೆ ಬೀಗ, ಪಂಪ್‌ಸೆಟ್ಟಿಗೆ ಶೆಡ್ಡು. ಆದರೆ ಸಾವಿರಾರು ರೂಪಾಯಿ ಬೆಲೆಬಾಳುವ ದೋಣಿ ಮಾತ್ರ ಮನೆಯಿಂದ ದೂರದ ಹೊಳೆದಡದಲ್ಲಿ, ಒಂದು ಗೂಟಕ್ಕೆ ಸುತ್ತಿದ ಹಗ್ಗದ ಮೇಲೆ ರಾತ್ರಿಯಿಡೀ ನಿಂತಿರುತ್ತದೆ. ನಮ್ಮ ಹೊಳೆಸಾಲಿನ ಬಹುತೇಕ ಮನೆಗಳ ರೂಢಿ ಇದು.

ಉಡುಪಿ, ದಕ್ಷಿಣ ಕನ್ನಡದ ಕುದ್ರುಗಳಲ್ಲಿ, ಉತ್ತರ ಕನ್ನಡದ ಕುರ್ವೆಗಳಲ್ಲಿ, ಶರಾವತಿ ಹಿನ್ನೀರಿನ ದಡಗಳಲ್ಲಿ, ರಾಯಚೂರು ಕಡೆಯ ಕೃಷ್ಣೆಯ ನಡುಗಡ್ಡೆಗಳಲ್ಲಿ ಬೇಸಾಯ ಮಾಡುವವರಿಗೆ ದೋಣಿಯೇ ಗಾಡಿ, ದೋಣಿಯೇ ರಸ್ತೆ. ಗೊಬ್ಬರ ಬರುವುದು, ತೆಂಗಿನಕಾಯಿ ಹೋಗುವುದು, ಹಾಲು ಡೇರಿಗೆ ಮುಟ್ಟುವುದು, ಮಕ್ಕಳು ಶಾಲೆಗೆ ಹೋಗುವುದು ಎಲ್ಲವೂ ಅದರಲ್ಲೇ. ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ಕಡವಿಗೆ ಬಂದಾಗ ಬರಿಯ ಗೂಟ ಕಂಡರೆ ಅಂದಿನ ಹಾಲಷ್ಟೇ ಅಲ್ಲ, ಮುಂದಿನ ಹಲವು ದಿನಗಳ ಕೆಲಸವೂ ನಿಂತಂತೆಯೇ. ರಾತ್ರಿ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ದಾಟುವ ದಾರಿಯೂ ಇಲ್ಲ.

ಹಗ್ಗ ಸಾಲದು, ಸರಪಳಿ ಬೇಕು

ಹಗ್ಗ ಕತ್ತರಿಸಲು ಒಂದು ಕತ್ತಿ ಸಾಕು. ಆದುದರಿಂದ ತುಕ್ಕು ಹಿಡಿಯದಂತೆ ಸತು ಲೇಪಿಸಿದ ದಪ್ಪ ಸರಪಳಿಯನ್ನೇ ಬಳಸಬೇಕು. ಅದರ ಒಂದು ತುದಿಯನ್ನು ದೋಣಿಯ ಮರಕ್ಕೆ ಆರಪಾರು ಬೋಲ್ಟು ಹಾಕಿ ಬಿಗಿದ ಕಬ್ಬಿಣದ ಬಳೆಗೆ ಸೇರಿಸಬೇಕು. ಮೊಳೆ ಹೊಡೆದು ಕೂರಿಸಿದ ಬಳೆ ಹಾರೆಯ ಒಂದೇ ಮೀಟಿಗೆ ಕಿತ್ತು ಬರುತ್ತದೆ. ಬೋಲ್ಟಿನ ನಟ್ಟು ದೋಣಿಯ ಒಳಮೈಯಲ್ಲಿರಲಿ. ಅದರ ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರೆ ಬಿಚ್ಚಲಾಗದು.

ಇನ್ನೊಂದು ತುದಿಗೆ ಬುಡಭದ್ರವಾದ ಮರವಿರಬೇಕು, ಇಲ್ಲವೇ ಕಾಂಕ್ರೀಟಿನಲ್ಲಿ ಹೂತ ಕಲ್ಲುಕಂಬವಿರಬೇಕು. ಗಿಡ್ಡ ಗೂಟಕ್ಕೆ ಸುತ್ತಿದ ಸರಪಳಿಯನ್ನು ಬೀಗ ಮುಟ್ಟದೆಯೇ ಮೇಲಿನಿಂದ ಎತ್ತಿ ತೆಗೆಯಬಹುದೆಂಬುದು ನೆನಪಿರಲಿ.

ಬೀಗದ ಕೊಂಡಿಯೊಳಗೆ ಹೆಚ್ಚು ಸಂದು ಉಳಿಯಬಾರದು. ಸಂದಿದ್ದರೆ ಹಾರೆ ತೂರುತ್ತದೆ. ಕೀಲಿಯ ತೂತು ಕೆಳಮುಖವಾಗಿರಲಿ. ಹಳೆಯ ಟ್ಯೂಬಿನ ತುಂಡನ್ನು ಮೇಲೆ ಮುಚ್ಚಿ, ಆಗಾಗ ಎಣ್ಣೆ ಬಿಡಿರಿ. ಉಪ್ಪುನೀರಿನ ಹೊಳೆಯಾದರೆ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ತೊಳೆಯುವುದು ಒಳ್ಳೆಯದು.

ಭರತ ಮರೆಯಬೇಡಿ

ಕಳ್ಳನಿಗೆ ಹೆದರಿ ಸರಪಳಿಯನ್ನು ತೀರ ಗಿಡ್ಡ ಮಾಡುವುದು ಇನ್ನೊಂದು ತಪ್ಪು. ಕರಾವಳಿಯ ಅಳಿವೆಗಳಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚು. ಬಿಗಿಯಾಗಿ ಕಟ್ಟಿದ ದೋಣಿ ಭರತದಲ್ಲಿ ಮೂತಿ ಮುಳುಗಿ ನೀರು ತುಂಬಿಕೊಳ್ಳುತ್ತದೆ, ಇಳಿತದಲ್ಲಿ ತೂಗುಬಿದ್ದು ಮಗುಚುತ್ತದೆ. ಇದಕ್ಕೆ ಸುಲಭ ಉಪಾಯವೊಂದಿದೆ. ನೆಟ್ಟಗೆ ಹೂತ ಕಬ್ಬಿಣದ ಪೈಪಿಗೆ ಸಡಿಲವಾದ ಬಳೆ ತೊಡಿಸಿ, ಪೈಪಿನ ತಲೆಗೆ ಅಡ್ಡಪಟ್ಟಿ ಬೆಸೆಯಿಸಿ, ಸರಪಳಿಯನ್ನು ಆ ಬಳೆಗೆ ಬೀಗ ಹಾಕಿರಿ. ನೀರಿನೊಡನೆ ಬಳೆಯೂ ಏರಿಳಿಯುವುದು, ಆದರೆ ಹೊರಬಾರದು. ಪೈಪಿನ ತಲೆ ಅತಿ ದೊಡ್ಡ ಭರತಕ್ಕಿಂತಲೂ ಎತ್ತರದಲ್ಲಿರಬೇಕು.

ಇಂಜಿನು, ಹುಟ್ಟು ಮನೆಗೆ ಬರಲಿ

ಕಳ್ಳನ ಕಣ್ಣು ಮೊದಲು ಬೀಳುವುದು ಔಟ್‌ಬೋರ್ಡ್ ಇಂಜಿನಿನ ಮೇಲೆ. ಎರಡು ತಿರುಪು ಸಡಿಲಿಸಿದರೆ ಅದು ಕೈಗೆ ಬರುತ್ತದೆ. ಸಣ್ಣ ಇಂಜಿನಾದರೆ ಸಂಜೆ ಮನೆಗೆ ತರುವುದೇ ಸರಿ. ಹೊರಲಾಗದ್ದಾದರೆ ಹಿಡಿತಿರುಪುಗಳ ಜೊತೆಗೆ ಹಲಗೆಗೆ ಆರಪಾರು ಬೋಲ್ಟು ಹಾಕಿಸಿ, ತಿರುಪಿನ ಹಿಡಿಗಳೆರಡನ್ನೂ ಸೇರಿಸಿ ಬೀಗ ಹಾಕಿರಿ. ಎಣ್ಣೆ ಟ್ಯಾಂಕು ಮತ್ತು ಅದರ ಪೈಪನ್ನು ದೋಣಿಯಲ್ಲಿ ಬಿಡಬೇಡಿ. ಹುಟ್ಟು, ಗಳಗಳನ್ನೂ ಮನೆಗೆ ತನ್ನಿರಿ. ಹುಟ್ಟಿಲ್ಲದ ದೋಣಿಯನ್ನು ಒಯ್ಯುವುದು ಕಷ್ಟ.

ಹರಿಗೋಲಿನ ಮಾತು ಬೇರೆ. ಅದನ್ನು ತಲೆಯ ಮೇಲೆ ಹೊತ್ತೇ ಒಯ್ಯಬಹುದು. ಹಾಗೆಂದೇ ನೀವೂ ಹೊತ್ತು ತಂದು ಅಂಗಳದಲ್ಲಿ ಬೋರಲು ಹಾಕಿರಿ. ಮಳೆಗಾಲದಲ್ಲಿ ಕೆಲಸವಿಲ್ಲದೆ ಇರುವ ದೋಣಿಯನ್ನು ನೆರೆ ಮುಟ್ಟದ ಎತ್ತರಕ್ಕೆ ಎಳೆದು, ಮಗುಚಿ, ಅಲ್ಲಿಯೂ ಸರಪಳಿ ಹಾಕಬೇಕು.

ಗುರುತು, ದಾಖಲೆ

ದನಕ್ಕೆ ಬರೆ ಹಾಕಿದಂತೆ ದೋಣಿಗೂ ನಿಮ್ಮದೇ ಗುರುತು ಇರಲಿ. ಮರದ ದೋಣಿಗೆ ಕಾಸಿದ ಕಬ್ಬಿಣದಿಂದ, ಫೈಬರ್ ದೋಣಿಗೆ ಕೊರೆದು, ಒಂದು ಗುರುತನ್ನು ಎದ್ದು ಕಾಣುವಲ್ಲಿಯೂ ಇನ್ನೊಂದನ್ನು ಕೂರುವ ಹಲಗೆಯ ಅಡಿಯಲ್ಲಿ ಗುಟ್ಟಾಗಿಯೂ ಮಾಡಿರಿ. ಬಣ್ಣ ಬಳಿದರೆ ಮೊದಲನೆಯದು ಮುಚ್ಚೀತು, ಎರಡನೆಯದು ಸಾಕ್ಷಿ ಹೇಳೀತು. ಇಂಜಿನಿನ ನಂಬರು, ಕೊಂಡ ರಸೀದಿ, ದೋಣಿಯ ಉದ್ದಗಲ ಮತ್ತು ಫೋಟೋ ಮನೆಯ ಕಾಗದಪತ್ರಗಳ ಜೊತೆಗಿರಲಿ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಇಂಜಿನಿನ ದೋಣಿಗಳಿಗೆ ನೋಂದಣಿಯ ಕಟ್ಟಳೆಯಿದೆ. ನೋಂದಣಿಯಾದ ದೋಣಿಯ ಒಡೆತನ ತೋರಿಸುವುದು ಸುಲಭ. ವಿಮೆ ಮಾಡಿಸುವಾಗ ಕಳವಿಗೂ ಪರಿಹಾರವಿದೆಯೇ, ಯಾವ ಷರತ್ತಿನ ಮೇಲೆ ಎಂದು ಕೇಳಿಯೇ ಸಹಿ ಹಾಕಿರಿ.

ಹೋದ ಮೇಲೆ

ಮೊದಲು ಉಳಿದ ಹಗ್ಗದ ತುದಿ ನೋಡಿರಿ. ಎಳೆ ಸವೆದು ಹರಿದಿದ್ದರೆ ಹೊಳೆಯೇ ಒಯ್ದಿರಬಹುದು. ಇಳಿತವಿದ್ದರೆ ಅಳಿವೆಯ ಕಡೆ, ಏರಿತವಿದ್ದರೆ ಮೇಲಿನ ಕಡೆ ಹುಡುಕಬೇಕು. ನೇರವಾಗಿ ಕೊಯ್ದಂತಿದ್ದರೆ ತಡಮಾಡದೆ ಎರಡೂ ದಡದ ಕಡವುಗಳಿಗೆ ಸುದ್ದಿ ಮುಟ್ಟಿಸಿ, ಅಂದೇ ಪೊಲೀಸರಿಗೆ ದೂರು ಕೊಡಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಕಳವು ಯಾವ ಠಾಣೆಯ ಸರಹದ್ದಿನಲ್ಲಿ ಆಗಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ದಾಖಲಿಸಬಹುದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪುಕ್ಕಟೆಯಾಗಿ ಪಡೆಯುವುದು ದೂರುದಾರನ ಹಕ್ಕು.

ದೋಣಿ ತಪ್ಪು ಕೈಗೆ ಬಿದ್ದರೆ ಕೇಡು ಒಡೆಯನೊಬ್ಬನಿಗೇ ಅಲ್ಲ. 2008ರ ನವೆಂಬರಿನಲ್ಲಿ ಮುಂಬಯಿಗೆ ನುಗ್ಗಿದ ಹಂತಕರು ಬಂದದ್ದು ಪೋರಬಂದರಿನ 'ಕುಬೇರ' ಎಂಬ ಮೀನುಗಾರಿಕೆ ದೋಣಿಯನ್ನು ಸಮುದ್ರದಲ್ಲಿ ವಶಪಡಿಸಿಕೊಂಡು, ಅದರಲ್ಲಿದ್ದವರನ್ನು ಕೊಂದು. ಆದುದರಿಂದ ಕಡವಿನಲ್ಲಿ ಗುರುತಿಲ್ಲದ ದೋಣಿ ಕಂಡರೆ ತಿಳಿಸಿರಿ. ಕಾಗದವಿಲ್ಲದ ಅಗ್ಗದ ಇಂಜಿನನ್ನು ಕೊಳ್ಳಬೇಡಿ. ಕದ್ದ ಮಾಲೆಂದು ತಿಳಿದು ಕೊಳ್ಳುವುದೂ ಅಪರಾಧವೇ. ಕೊಳ್ಳುವವರಿಲ್ಲದಿದ್ದರೆ ಕದಿಯುವವರೂ ಕಡಿಮೆಯಾಗುವರು.

ಎಲ್ಲಕ್ಕಿಂತ ಒಳ್ಳೆಯ ಬೀಗ ನೆರೆಹೊರೆ. ನಾಲ್ಕಾರು ಮನೆಯವರು ಒಂದೇ ಕಡವಿನಲ್ಲಿ ದೋಣಿ ಕಟ್ಟಿ, ಒಂದು ದೀಪ ಹಾಕಿಸಿ, ಸರದಿಯ ಮೇಲೆ ರಾತ್ರಿ ಒಂದು ಸುತ್ತು ಬಂದರೆ ಖರ್ಚು ಅಲ್ಪ, ನಿದ್ದೆ ನೆಮ್ಮದಿ.