ಹೆಪ್ಪುಗಟ್ಟುವ ಚಳಿಯಲ್ಲಿ ಡೀಸೆಲ್ ಲಾರಿ
ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ರಾತ್ರಿ ಉಷ್ಣತೆ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುವುದುಂಟು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ; ಒತ್ತಿದ ಗಾಳಿಯ ಬಿಸಿಯೇ ಇಂಧನವನ್ನು ಹೊತ್ತಿಸಬೇಕು. ತಣ್ಣನೆಯ ಲೋಹ ಆ ಬಿಸಿಯನ್ನೇ ಹೀರಿಬಿಟ್ಟರೆ? ಲಾರಿ ಹೊರಡದು. ಅದಕ್ಕೇ ಅಲ್ಲಿ ಎಂಜಿನ್ ಬ್ಲಾಕಿನ ಕೂಲೆಂಟಿನಲ್ಲಿ ಮುಳುಗಿದಂತೆ ವಿದ್ಯುತ್ ಹೀಟರ್ ಇಡುತ್ತಾರೆ.

ಅದು ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದರ ಪಿನ್‌ಗಳ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯುತ್ತಾರೆ. 120 ವೋಲ್ಟ್, 1000 ವಾಟ್ ಹೀಟರಾದರೆ ವೋಲ್ಟಿನ ವರ್ಗವನ್ನು ವಾಟಿನಿಂದ ನೀವೇ ಭಾಗಿಸಿ ನೋಡಿ: ಸುಮಾರು 14 ಓಮ್. ಮೀಟರ್ ಅನಂತ ತೋರಿಸಿದರೆ ಎಲ್ಲೋ ತಂತಿ ತುಂಡಾಗಿದೆ. ಮೊದಲು ವೈರನ್ನು ಪರೀಕ್ಷಿಸಬೇಕು. ಅದು ಸರಿಯಿದ್ದರೆ ಮಾತ್ರ ಹೀಟರ್ ಬದಲಿಸಬೇಕು.

ಎಂಜಿನ್ ಆರಿದ ಮೇಲೆ ಕೂಲೆಂಟ್ ಬಸಿದು, ಹೊಸ ಹೀಟರನ್ನು ಹೊಸ ರಬ್ಬರ್ ಉಂಗುರದೊಡನೆ ಕೂಡಿಸುತ್ತಾರೆ. ಮತ್ತೆ ಕೂಲೆಂಟ್ ತುಂಬಿ, ಒಳಗಿನ ಗಾಳಿಯೆಲ್ಲ ಹೊರಹೋದ ಮೇಲೆಯೇ ಕರೆಂಟ್ ಕೊಡಬೇಕು. ಬಿಸಿಯನ್ನು ಒಯ್ಯಲು ದ್ರವವಿಲ್ಲದಿದ್ದರೆ ಹೊಸ ಕಾಯಿಲೂ ಸುಟ್ಟುಹೋಗುತ್ತದೆ!